ಟೈಲ್ಸ್ ಸಂದಿಗೆ ಆಸಿಡ್: ತೀರ್ಥಹಳ್ಳಿ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ: ಮೇಲೆ ಹಾಕಿರುವ ವಿಡಿಯೊವನ್ನು ಎಲ್ಲರೂ ನೋಡಿ. ಆಸಿಡ್ ಸುರಿದು ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಟೈಲ್ಸ್ ಸಂದಿನ ಕಪ್ಪೆಲ್ಲ ನೊರೆಯಾಗಿ ಎದ್ದು ಬರುತ್ತದೆ. ಚೌತಿಯೊಳಗೆ ನಮ್ಮ ಅಡುಗೆಮನೆಗೂ ಹೀಗೆಯೇ ಮಾಡಿಸೋಣ.

ಸಾಗರದ ಅಕ್ಕ: ದೊಡ್ಡಪ್ಪ, ದಯವಿಟ್ಟು ಆಸಿಡ್ ತರಿಸಬೇಡಿ. ಆ ನೊರೆ ಕೊಳೆಯದಲ್ಲ, ಸಿಮೆಂಟಿನದು. ನಮ್ಮ ಸಂದುಗಳಲ್ಲಿ ತುಂಬಿರುವುದು ಬಿಳಿ ಸಿಮೆಂಟ್. ಅದರಲ್ಲಿರುವ ಸುಣ್ಣದ ಅಂಶ ಆಸಿಡ್ ತಾಗಿದೊಡನೆ ಕರಗಿ, ಮೇಲಿನ ಪದರವೇ ಕಿತ್ತುಹೋಗುವುದರಿಂದ ಅಂದಿಗೆ ಬೆಳ್ಳಗೆ ಕಾಣುತ್ತದೆಯೇ ಹೊರತು, ಉಳಿದದ್ದು ತರಿತರಿಯಾಗಿ ಮುಂದೆ ಚೆಲ್ಲಿದ ಎಣ್ಣೆ, ಸಾರನ್ನೆಲ್ಲ ಮೊದಲಿಗಿಂತ ಬೇಗ ಹೀರಿಕೊಳ್ಳುತ್ತದೆ. ಲಿಂಬೆರಸ, ವಿನೆಗರ್ ಕೂಡ ನಿಧಾನವಾಗಿ ಇದನ್ನೇ ಮಾಡುತ್ತವೆ. ಇನ್ನೂ ಭಯವಾದದ್ದು ವಿಡಿಯೊದ ಕೊನೆ. ಆಸಿಡ್ ಮೇಲೆಯೇ ಬ್ಲೀಚಿಂಗ್ ಪುಡಿ ಉದುರಿಸಿದ್ದಾರೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ; ಎರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರ ಗತಿಯೇನು? ಉಜ್ಜುವವರು ನಾವಲ್ಲ, ಅಮ್ಮ.

ದೊಡ್ಡಪ್ಪ: ಬ್ಲೀಚಿಂಗ್ ಪುಡಿ ಬೇಡವೆಂಬ ಮಾತನ್ನು ಒಪ್ಪಿದೆ. ಆದರೆ ಒಲೆಯ ಮುಂದಿನ ಕೆಂಪು ಕಲೆ ಸೋಪಿನ ಪುಡಿ ಹಾಕಿ ತಿಕ್ಕಿದಷ್ಟೂ ಕೆಂಪಾಗುತ್ತಿದೆಯಲ್ಲ?

ಸಾಗರದ ಅಕ್ಕ: ಅದು ಅರಿಸಿನ. ಕ್ಷಾರ ತಾಗಿದರೆ ಅರಿಸಿನ ಕೆಂಪಾಗುತ್ತದೆ, ಸೋಪಿನ ಪುಡಿಯೂ ಸಿಮೆಂಟೂ ಕ್ಷಾರವೇ. ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅಡುಗೆ ಸೋಡಾ ಕಲಸಿ, ಕೈಗವಸು ಹಾಕಿಕೊಂಡು ಸಂದಿಗೆ ಹಚ್ಚಿ, ಕಾಲು ಗಂಟೆ ಬಿಟ್ಟು ನೈಲಾನ್ ಬ್ರಷ್‌ನಿಂದ ಉಜ್ಜಿಸಿ. ತಂತಿ ಬ್ರಷ್ ಬೇಡ. ಕಲೆ ತಿಳಿಯಾಗುತ್ತದೆ, ಪೂರ್ತಿ ಹೋಗುತ್ತದೆಂದು ಹೇಳಲಾರೆ.

ಶಿವಮೊಗ್ಗದ ಅಣ್ಣ: ಸಿಂಕಿನ ಕೆಳಗೆ ಸಂದು ಪುಡಿಪುಡಿಯಾಗಿ ಉದುರಿದೆ, ಅಲ್ಲಿ ತೊಳೆದು ಪ್ರಯೋಜನವಿಲ್ಲ. ಹಳೆಯದರ ಮೇಲೆಯೇ ಸಿಮೆಂಟ್ ಸವರಿದರೂ ನಿಲ್ಲುವುದಿಲ್ಲ. ಟೈಲ್ಸಿನ ದಪ್ಪದ ಮೂರನೇ ಎರಡು ಭಾಗದಷ್ಟಾದರೂ ಆಳಕ್ಕೆ ಕೆರೆದು ತೆಗೆದೇ ಹೊಸದನ್ನು ತುಂಬಬೇಕು. ಖರ್ಚು ಹೆಚ್ಚಾದರೂ ಇಡೀ ಕೋಣೆಗೆ ಎಪಾಕ್ಸಿ ಗ್ರೌಟ್, ಅಂದರೆ ಸಂದಿಗೆ ಸಿಮೆಂಟಿನ ಬದಲು ತುಂಬುವ ರಾಳದ ಮಿಶ್ರಣ, ಹಾಕಿಸಿಬಿಡೋಣ, ಅದು ಎಣ್ಣೆ, ನೀರು ಹೀರುವುದಿಲ್ಲ.

ಸಾಗರದ ಅಕ್ಕ: ಪುಷ್ಯ ಮಳೆ ಹಿಡಿದಿರುವ ಈಗ ಬೇಡ ಅಣ್ಣ. ಸಂದಿನೊಳಗೆ ತೇವವಿದ್ದರೆ ಎಪಾಕ್ಸಿ ಸರಿಯಾಗಿ ಕಚ್ಚುವುದಿಲ್ಲ. ದೀಪಾವಳಿ ಕಳೆದು ನೆಲ ಒಣಗಲಿ. ಎಪಾಕ್ಸಿ ಕೆಲಸ ಬಲ್ಲ ಮೇಸ್ತ್ರಿಯೇ ಬರಬೇಕು. ಹೆಚ್ಚಾದದ್ದನ್ನು ಗಟ್ಟಿಯಾಗುವ ಮೊದಲೇ ಒರೆಸದಿದ್ದರೆ ಟೈಲ್ಸ್ ಮೇಲೆ ಪೊರೆಯಂತೆ ಉಳಿದುಬಿಡುತ್ತದೆ.

ದೊಡ್ಡಪ್ಪ: ಸರಿ, ಹಬ್ಬಕ್ಕೆ ಸೋಡಾ ಹಾಕಿ ತೊಳೆಸುತ್ತೇನೆ. ಎಪಾಕ್ಸಿ ಸಿಂಕಿನ ಕೆಳಗೆ ಮಾತ್ರ. ಇಡೀ ಕೋಣೆಗೆ ಹಾಕಿಸಲು ನನ್ನ ಒಪ್ಪಿಗೆಯಿಲ್ಲ. ಗಟ್ಟಿಯಾಗಿರುವ ಸಂದನ್ನು ಕೆರೆಯಲು ಹೋಗಿ ಅಂಚು ಒಡೆದರೆ, ಆ ಬಣ್ಣದ ಟೈಲ್ಸ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ.