ಬ್ಲೆಂಡರ್‌ನಲ್ಲಿ ಕಲ್ಲುಕಂಬ: ಅಂಚು ಜಗ್ಗುತ್ತಿದೆ, ಬಣ್ಣ ಪೇಲವ

ಬಿವಿಎ_ಎರಡನೇವರ್ಷ: ಹಲಸೂರು ಸೋಮೇಶ್ವರ ದೇವಸ್ಥಾನದ ಕಂಬವೊಂದನ್ನು 3ಡಿ ಸಾಫ್ಟ್‌ವೇರ್ ಬ್ಲೆಂಡರ್ 4.2ರಲ್ಲಿ ಮಾಡ್ತಿದ್ದೇನೆ. ಡಿಫಾಲ್ಟ್ ಕ್ಯೂಬನ್ನೇ ಎಕ್ಸ್, ವೈ 0.5ಕ್ಕೆ ಇಳಿಸಿ, ಜೆಡ್ 3ಕ್ಕೆ ಎಳೆದೆ. ಚೂಪು ಅಂಚನ್ನು ಓರೆ ಮಾಡುವ ಬೆವೆಲ್ ಮಾಡಿಫೈಯರ್ ಹಾಕಿದರೆ ಅಂಚು ಉದ್ದಕ್ಕೆ ಜಗ್ಗುತ್ತೆ. ಚಿತ್ರ ಬಿಡಿಸುವ ಕ್ರಿಟಾದಲ್ಲಿ ಬಳಿದ ಟೆಕ್ಸ್ಚರ್ (ಕಂಬದ ಮೇಲೆ ಹೊದಿಸುವ ಚಿತ್ರ) ಬ್ಲೆಂಡರ್‌ಗೆ ಬಂದರೆ ಒಗೆದ ಬಟ್ಟೆ ಥರ ಪೇಲವ. ಕ್ರಿಟಾದಲ್ಲಿ ಅದನ್ನು 4096 ಪಿಕ್ಸೆಲ್ ಸೈಜಿಗೆ ಏರಿಸಿದರೆ 8 ಜಿಬಿ ಲ್ಯಾಪ್‌ಟಾಪ್ ನಿಂತೇ ಹೋಗುತ್ತೆ. ರ‍್ಯಾಮ್‌ಗೆ ಎಸ್.ಪಿ. ರೋಡ್‌ಗೆ (ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗದ ಬೀದಿ) ಹೋಗಲೇಬೇಕಾ?

ಮೆಶ್‌ಮೇಷ್ಟ್ರು: ಎನ್ ಒತ್ತಿ ಐಟಂ ಟ್ಯಾಬ್ ನೋಡಿ, ಸ್ಕೇಲ್ ಇನ್ನೂ 0.5, 0.5, 3 ಅಂತಲೇ ಇರುತ್ತೆ. ಬೆವೆಲ್ ಲೆಕ್ಕ ಹಾಕೋದು ಎಳೆಯುವ ಮೊದಲಿನ ಅಳತೆಯಲ್ಲಿ. 2 ಸೆಂ.ಮೀ. ಕೊಟ್ಟರೆ ಅಡ್ಡಕ್ಕೆ 1, ಉದ್ದಕ್ಕೆ 6 ಆಗಿಬಿಡುತ್ತೆ. ಆಬ್ಜೆಕ್ಟ್ ಮೋಡ್‌ನಲ್ಲಿ ಕಂಟ್ರೋಲ್+ಎ ಒತ್ತಿ ಸ್ಕೇಲ್ ಆರಿಸಿ. ಮೂರೂ 1 ಆದ ಮೇಲೆ ಬೆವೆಲ್ ಅಗಲ ಹೊಸದಾಗಿ ಕೊಡಿ.

ಇನ್ನೊಂದು ವಿಷಯ. ಡಿಫಾಲ್ಟ್ ಕ್ಯೂಬ್ 2 ಮೀಟರಿನದು. ಅಂದರೆ ನಿಮ್ಮ ಕಂಬ 1 ಮೀಟರ್ ದಪ್ಪ, 6 ಮೀಟರ್ ಎತ್ತರ! ಟೇಪ್ ಹಿಡಿದು ಅಳೆದ ಲೆಕ್ಕವಾ ಇದು? ಒಂದೇ ಕ್ಯೂಬನ್ನು ಎಳೆಯುವ ಬದಲು ಚೌಕದ ಭಾಗ, ಎಂಟು ಮುಖದ ಭಾಗ ಬೇರೆ ಬೇರೆ ಮಾಡಿ ಪೇರಿಸಿ. 8 ವರ್ಟೆಕ್ಸ್ (ಮೂಲೆ ಬಿಂದು) ಸಿಲಿಂಡರ್ ಹಾಕಿದರೆ ಅದರ ಮೂಲೆ ಚೌಕದ ಮುಖದ ನಟ್ಟನಡುವೆ ಬರುತ್ತೆ, ಜೆಡ್‌ನಲ್ಲಿ 22.5 ಡಿಗ್ರಿ ತಿರುಗಿಸಿದರೆ ಮುಖಕ್ಕೆ ಮುಖ ಕೂರುತ್ತೆ.

ಬಣ್ಣದಬುಟ್ಟಿ: ಪೇಲವಕ್ಕೆ ನಿಮ್ಮ ಟೆಕ್ಸ್ಚರ್ ಕಾರಣ ಅಲ್ಲ. ಬ್ಲೆಂಡರ್ 4.0ರಿಂದ, ಬಣ್ಣವನ್ನು ಪರದೆಗೆ ಹೊಂದಿಸುವ ವ್ಯೂ ಟ್ರಾನ್ಸ್‌ಫಾರ್ಮ್ ಡಿಫಾಲ್ಟಾಗಿ ಎಜಿಎಕ್ಸ್, ಅದು ಬಣ್ಣವನ್ನು ಸ್ವಲ್ಪ ತಗ್ಗಿಸಿ ತೋರಿಸುತ್ತೆ. ರೆಂಡರ್ ಪ್ರಾಪರ್ಟೀಸ್‌, ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ಟಾಂಡರ್ಡ್ ಇಟ್ಟು ಬಣ್ಣ ಹೋಲಿಸಿ ನೋಡಿ. ಆದರೆ ಅಲ್ಲೇ ಬಿಡಬೇಡಿ; ಜೋರು ಬಿಸಿಲು ಹಾಕಿದ ಕೂಡಲೇ ಬೆಳಕಿನ ಭಾಗ ಸುಟ್ಟು ಬಿಳಿಯಾಗುತ್ತೆ, ಲೈಟಿಂಗ್‌ಗೆ ಎಜಿಎಕ್ಸೇ ವಾಸಿ. ರಫ್‌ನೆಸ್ ಮ್ಯಾಪ್ (ಎಲ್ಲಿ ಒರಟು, ಎಲ್ಲಿ ನುಣುಪು ಅಂತ ಹೇಳುವ ಚಿತ್ರ) ಕೂಡ ಬಳಿದಿದ್ದರೆ ಅದರ ಕಲರ್ ಸ್ಪೇಸ್ ನಾನ್-ಕಲರ್ ಇರಲಿ, ಅದು ಬಣ್ಣವಲ್ಲ, ಬರೀ ಅಂಕಿ.

ಟೆಕ್ಸ್ಚರ್‌ನಲ್ಲಿ ನೆರಳು ಬಳಿಯಬೇಡಿ, ನೆರಳು ಬ್ಲೆಂಡರ್ ಕೆಲಸ. ಫೋಟೋ ಬೇಕಿದ್ದರೆ ಆಷಾಢದ ಮೋಡ ಮುಸುಕಿದ ದಿನ ತೆಗೆಯಿರಿ. ಗ್ರಾನೈಟ್‌ಗೆ ಮೆಟಾಲಿಕ್ 0, ರಫ್‌ನೆಸ್ ಸುಮಾರು 0.7. ಜನ ಕೈಯಿಟ್ಟು ಒರಗಿ ನುಣುಪಾದ, ಎಣ್ಣೆ ಹಿಡಿದು ಕಪ್ಪಾದ ಎದೆಮಟ್ಟದ ಜಾಗಕ್ಕೆ ಮಾತ್ರ 0.35ಕ್ಕೆ ಇಳಿಸಿ. ಕಲ್ಲು ಕಲ್ಲಾಗಿ ಕಾಣೋದು ಈ ವ್ಯತ್ಯಾಸದಿಂದಲೇ, ಬಿರುಕುಗಳನ್ನು ಗೀಚಿದ್ದರಿಂದ ಅಲ್ಲ.

ಎಂಟುಜಿಬಿ: ದುಡ್ಡು ಸುರಿಯುವ ಮೊದಲು ಲೆಕ್ಕ ಹಾಕಿ. 4096×4096ರ ತುಂಬಿದ ಲೇಯರ್ ಒಂದಕ್ಕೆ 8-ಬಿಟ್‌ನಲ್ಲಿ 64 ಎಂಬಿ, 16-ಬಿಟ್‌ನಲ್ಲಿ 128. ಹೀಗೆ 30 ಲೇಯರ್ ಅಂದರೆ ಹತ್ತಿರ ಹತ್ತಿರ 4 ಜಿಬಿ, ಅನ್‌ಡೂ ಬೇರೆ. ಹಿಂದೆ ಬ್ಲೆಂಡರ್ ತೆರೆದಿದ್ದರೆ ಕತೆ ಮುಗೀತು. 16-ಬಿಟ್‌ನಲ್ಲಿದ್ದರೆ 8-ಬಿಟ್‌ಗೆ ಬನ್ನಿ, ಮುಗಿದ ಲೇಯರ್ ಮರ್ಜ್ ಮಾಡಿ. ಪೂರ್ತಿ ಮಂಟಪದ ರೆಂಡರ್ ಆದರೆ 2048 ಧಾರಾಳ ಸಾಕು. ಆಮೇಲೂ ರ‍್ಯಾಮ್ ಬೇಕೆನಿಸಿದರೆ ಲ್ಯಾಪ್‌ಟಾಪಿನಲ್ಲಿ ಖಾಲಿ ಸ್ಲಾಟ್ ಇದೆಯಾ, ಡಿಡಿಆರ್4ಆ ಡಿಡಿಆರ್5ಆ ಅಂತ ತಿಳಿದುಕೊಂಡೇ ಎಸ್.ಪಿ. ರೋಡ್ ಬಸ್ಸು ಹತ್ತಿ. ಕೆಲವು ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತೆ, ಬದಲಿಸೋಕಾಗಲ್ಲ.