ಸಹಾಯ ಬೇಕು: ಗ್ರೆನಡಾದ ಗ್ರೆನ್‌ವಿಲ್ ಸಂತೆಗೆ ಹೋದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಗಳು ಕೆರಿಬಿಯನ್ ದ್ವೀಪ ದೇಶ ಗ್ರೆನಡಾದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಫೆಬ್ರವರಿಯಲ್ಲಿ ನಾನು, ನಮ್ಮನೆಯವರು ಹೋಗುತ್ತಿದ್ದೇವೆ. ಗ್ರೆನ್‌ವಿಲ್‌ನ ಶನಿವಾರದ ಸಂತೆ ನೋಡಲೇಬೇಕು ಅಂತ ನನಗೆ ತುಂಬಾ ಆಸೆ. ನಮ್ಮದು ಶಿರಸಿ ಕಡೆ ತೋಟ, ಅಡಿಕೆ ಮಧ್ಯೆ ಜಾಯಿಕಾಯಿ ಮರಗಳಿವೆ. ಕಾಯಿ ಬಿರಿದಾಗ ಒಳಗೆ ಕೆಂಪು ಬಲೆಯ ಹಾಗೆ ಜಾಪತ್ರೆ ಸುತ್ತಿಕೊಂಡಿರುತ್ತದಲ್ವಾ, ಆ ದೇಶದ ಬಾವುಟದಲ್ಲೂ ಅದೇ ಕಾಯಿ ಇದೆ!

ರಾಜಧಾನಿ ಸೇಂಟ್ ಜಾರ್ಜಸ್‌ನಿಂದ ಗ್ರ್ಯಾಂಡ್ ಎಟಾಂಗ್ ಕಾಡಿನ ಮೂಲಕ ಗ್ರೆನ್‌ವಿಲ್‌ಗೆ ಮಿನಿಬಸ್ ಇದೆ. ಮಧ್ಯೆ ಜ್ವಾಲಾಮುಖಿ ಬಾಯಲ್ಲಿ ನಿಂತಿರುವ ಕೆರೆ ಹತ್ತಿರ ಇಳಿದರೆ, ಮುಂದಕ್ಕೆ ಇನ್ನೊಂದು ಬಸ್ ಸುಲಭವಾಗಿ ಸಿಗುತ್ತದಾ?

ನಮ್ಮನೆಯವರಿಗೆ ಮಂಡಿ ನೋವು. ಸೆವೆನ್ ಸಿಸ್ಟರ್ಸ್ ಜಲಪಾತದ ದಾರಿಯಲ್ಲಿ ಕೆಸರು, ಇಳಿಜಾರು ಜಾಸ್ತಿ ಅಂತ ಮಗಳು ಹೇಳಿದಳು. ಗ್ರೆನ್‌ವಿಲ್ ಹತ್ತಿರದ ಮೌಂಟ್ ಕಾರ್ಮೆಲ್ ಜಲಪಾತಕ್ಕೆ ಅವರು ನಡೆಯಬಹುದಾ? ಸಂತೆಗೆ ಎಷ್ಟು ಹೊತ್ತಿಗೆ ತಲುಪಿದರೆ ಒಳ್ಳೆಯದು? ಹೋಗಿ ಬಂದವರು ದಯವಿಟ್ಟು ತಿಳಿಸಿ.