ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ಹೈಬ್ರಿಡ್ಡೋ, ಮೈಲೇಜ್ ಕೊಡುವ ಪೆಟ್ರೋಲ್ ಹ್ಯಾಚ್‌ಬ್ಯಾಕೋ?

ಹೊಸಬ (ಪ್ರಶ್ನೆ)

ಕೆಲಸಕ್ಕೆ ಹೋಗಿಬರಲು ದಿನಕ್ಕೆ 36 ಕಿ.ಮೀ., ವಾರಕ್ಕೆ ಐದು ದಿನ. ಇದು ವರ್ಷಕ್ಕೆ ಹತ್ತಿರಹತ್ತಿರ 9,000 ಆಗುತ್ತೆ. ದೂರದ ಓಡಾಟ ಇನ್ನೊಂದು 6,000. ಒಟ್ಟು 15,000 ಕಿ.ಮೀ. ಅಂತ ಇಟ್ಕೊಳ್ಳಿ.

ನೋಡಿರೋದು ಎರಡು ಗಾಡಿ. ಒಂದು ಎಂಟು ವರ್ಷ ಹಳೆಯ ಟೊಯೊಟಾ ಪ್ರಿಯಸ್ ಪ್ರೈಮ್, ಅಂದ್ರೆ ಪ್ಲಗ್‌ಗೆ ಹಾಕಿ ಚಾರ್ಜ್ ಮಾಡಿ ಕರೆಂಟಲ್ಲೂ ಓಡಿಸಬಹುದು, ಪೆಟ್ರೋಲಲ್ಲೂ ಓಡಿಸಬಹುದು ಅನ್ನೋ ಪ್ಲಗ್-ಇನ್ ಹೈಬ್ರಿಡ್, 8.8 ಕಿಲೋವ್ಯಾಟ್ ಅವರ್ (ಯೂನಿಟ್) ಬ್ಯಾಟರಿಯದು. ಇನ್ನೊಂದು ಮೂರು ವರ್ಷದ 1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟರ್ಬೊ ಇಲ್ಲ, ಮ್ಯಾನ್ಯುವಲ್ ಗೇರ್. ಪ್ರೈಮ್ ಬೆಲೆ ಜಾಸ್ತಿ. ಗಾಡಿ ನಿಲ್ಲಿಸೋ ಜಾಗದಲ್ಲಿ ಒಂದು ಪ್ಲಗ್ ಪಾಯಿಂಟ್ ಇದೆ. ಯಾವುದು ತಗೊಳ್ಳೋದು, ಪ್ರೈಮ್ ಆದ್ರೆ ಏನೇನು ನೋಡಬೇಕು?

ಲೆಕ್ಕಿಗ

ಮೊದಲು ಒಂದು ಭಾಗಾಕಾರ. ಒಂದು ಲೀಟರ್ ಪೆಟ್ರೋಲಿನ ಬೆಲೆಯನ್ನು ಒಂದು ಯೂನಿಟ್ ಕರೆಂಟಿನ ಬೆಲೆಯಿಂದ ಭಾಗಿಸಿ. ಬಿಲ್ಲಿನ ಸರಾಸರಿ ದರ ಹಿಡಿಯಬೇಡಿ. ಸ್ಲ್ಯಾಬ್ ಪದ್ಧತಿ ಇದ್ದರೆ ಕೊನೆಯ ಸ್ಲ್ಯಾಬಿನ ದರ ಹಿಡಿಯಿರಿ, ಏಕೆಂದರೆ ಗಾಡಿ ಎಳೆಯುವ ಯೂನಿಟ್ಟುಗಳೆಲ್ಲ ಹೋಗಿ ಬೀಳುವುದು ಅಲ್ಲಿಗೇ.

ಪ್ರೈಮ್ ಒಂದು ಯೂನಿಟ್ಟಿಗೆ 6 ಕಿ.ಮೀ. ಚಿಲ್ಲರೆ ಓಡುತ್ತದೆ. ಇದು ಗೋಡೆಯ ಪ್ಲಗ್ಗಿನಲ್ಲಿ ಅಳೆದ ಲೆಕ್ಕ, ಚಾರ್ಜ್ ಆಗುವಾಗ ಪೋಲಾಗುವ ಕರೆಂಟೂ ಸೇರಿದೆ. ಹ್ಯಾಚ್‌ಬ್ಯಾಕ್ ಲೀಟರಿಗೆ 18 ಕೊಟ್ಟರೆ, 18ನ್ನು 6ರಿಂದ ಭಾಗಿಸಿ: 3. ನಿಮ್ಮ ಭಾಗಾಕಾರದ ಉತ್ತರ 3ಕ್ಕಿಂತ ಕಡಿಮೆ ಇದ್ದರೆ ಕರೆಂಟಿನಲ್ಲಿ ಓಡಿಸುವುದು ಹ್ಯಾಚ್‌ಬ್ಯಾಕಿಗಿಂತ ದುಬಾರಿ. ಪ್ರೈಮ್ ಪೆಟ್ರೋಲಿನಲ್ಲೇ ಲೀಟರಿಗೆ 22 ಕೊಡುವ ಗಾಡಿ. ಹಾಗಾಗಿ ಉತ್ತರ 3.7 ದಾಟದಿದ್ದರೆ ಅದನ್ನು ಪ್ಲಗ್ಗಿಗೆ ಹಾಕುವ ಅಗತ್ಯವೇ ಇಲ್ಲ.

ಇನ್ನು ವರ್ಷದ ಲೆಕ್ಕ, ಎಲ್ಲವನ್ನೂ ಲೀಟರಿನಲ್ಲೇ ಹಾಕೋಣ. ಹ್ಯಾಚ್‌ಬ್ಯಾಕ್ 15,000 ಕಿ.ಮೀ.ಗೆ ಸುಮಾರು 830 ಲೀಟರ್ ಕುಡಿಯುತ್ತದೆ. ಪ್ರೈಮ್ 9,000 ಕಿ.ಮೀ. ಕರೆಂಟಿನಲ್ಲಿ ಓಡಿದರೆ 1,500 ಯೂನಿಟ್, ಉಳಿದ 6,000ಕ್ಕೆ 270 ಲೀಟರ್. ಅಂದರೆ 560 ಲೀಟರ್ ಉಳಿತಾಯ, ಅದರ ಬದಲಿಗೆ 1,500 ಯೂನಿಟ್ ಖರ್ಚು. ಒಂದು ಲೀಟರಿಗೆ ಐದು ಯೂನಿಟ್ ಬರುವ ಕಡೆ ಆ ಯೂನಿಟ್ಟುಗಳು 300 ಲೀಟರಿಗೆ ಸಮ. ಕೈಗೆ ಸಿಗುವ ಉಳಿತಾಯ ವರ್ಷಕ್ಕೆ 260 ಲೀಟರ್. ಹತ್ತು ಯೂನಿಟ್ ಬರುವ ಕಡೆ 410. ಮೂರೇ ಯೂನಿಟ್ ಬಂದರೆ 60, ಅದಕ್ಕೆ ಇಷ್ಟೆಲ್ಲ ಒದ್ದಾಡಬೇಕಿಲ್ಲ.

ಎರಡು ಗಾಡಿಗಳ ಬೆಲೆಯ ವ್ಯತ್ಯಾಸವನ್ನೂ ಲೀಟರಿಗೆ ತಿರುಗಿಸಿ, ಆ ಉಳಿತಾಯದಿಂದ ಭಾಗಿಸಿ. ಬರುವುದು ವರ್ಷಗಳ ಸಂಖ್ಯೆ.

ಒಂದು ಎಚ್ಚರಿಕೆ. ಈ ಲೆಕ್ಕ ಪ್ರೈಮ್‌ನಂಥ ಹಗುರ ಗಾಡಿಗೆ ಮಾತ್ರ. ದೊಡ್ಡ ಎಸ್‌ಯುವಿ ಮಾದರಿಯ ಪ್ಲಗ್-ಇನ್‌ಗಳು ಬ್ಯಾಟರಿ ಖಾಲಿಯಾದ ಮೇಲೆ ಲೀಟರಿಗೆ 13-14 ಕಿ.ಮೀ.ಗೆ ಇಳಿಯುತ್ತವೆ. ಚಾರ್ಜ್ ಮಾಡದೆ ಓಡಿಸಿದರೆ ಅವು ಹ್ಯಾಚ್‌ಬ್ಯಾಕಿಗಿಂತ ವರ್ಷಕ್ಕೆ 300 ಲೀಟರ್ ಹೆಚ್ಚೇ ಕುಡಿದಾವು. ಕಂಪನಿಯ ಕಾಗದದಲ್ಲಿರುವ ಮೈಲೇಜನ್ನಂತೂ ಮರೆತುಬಿಡಿ. ಯುರೋಪಿಯನ್ ಕಮಿಷನ್ 2021ರ ಗಾಡಿಗಳೊಳಗಿನ ಮೀಟರಿನಿಂದಲೇ ಮಾಹಿತಿ ತೆಗೆದು 2024ರಲ್ಲಿ ವರದಿ ಕೊಟ್ಟಿತು: ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈ ಆಕ್ಸೈಡ್ ಲ್ಯಾಬಿನ ಅಂಕಿಯ ಸರಾಸರಿ ಮೂರೂವರೆ ಪಟ್ಟು. ಮಾಮೂಲಿ ಪೆಟ್ರೋಲ್, ಡೀಸೆಲ್ ಗಾಡಿಗಳಲ್ಲಿ ಈ ಅಂತರ ಶೇ. 20ರ ಆಸುಪಾಸು.

ಹೊಸಬ

ಥ್ಯಾಂಕ್ಸ್ ಸರ್. ಭಾಗಾಕಾರ ಮಾಡಿದೆ, 6 ಬಂತು. ಬೆಲೆಯ ವ್ಯತ್ಯಾಸ ಸುಮಾರು 1,000 ಲೀಟರ್. ಅಂದ್ರೆ ಮೂರು-ಮೂರೂವರೆ ವರ್ಷ. ಆದ್ರೆ ಎಂಟು ವರ್ಷದ ಬ್ಯಾಟರಿ ನಂಬಬಹುದಾ?

ಸ್ಪ್ಯಾನರ್

ನಂಬೋದು ಬೇಡ, ಅಳೀರಿ. ಕಿಲೋಮೀಟರ್ ಎಷ್ಟು ಓಡಿದೆ ಅನ್ನೋದಕ್ಕಿಂತ ಬ್ಯಾಟರಿಗೆ ವಯಸ್ಸು ಮತ್ತು ಬಿಸಿ ಜಾಸ್ತಿ ಹೊಡೆತ ಕೊಡುತ್ತೆ. ಬಿಸಿಲಲ್ಲಿ ಫುಲ್ ಚಾರ್ಜಲ್ಲೇ ನಿಂತಿದ್ದ ಕಮ್ಮಿ ಓಡಿದ ಗಾಡಿಗಿಂತ, ನೆರಳಲ್ಲಿದ್ದು ದಿನಾ ಓಡಿದ ಗಾಡಿಯ ಬ್ಯಾಟರಿ ಚೆನ್ನಾಗಿರಬಹುದು. ಓಡೋಮೀಟರ್ ನೋಡಿ ತೀರ್ಮಾನ ಮಾಡ್ಬೇಡಿ.

ಅಳೆಯೋದು ಹೀಗೆ. ಪ್ಲಗ್‌ಗೆ ಸಿಕ್ಕಿಸೋ ಯೂನಿಟ್ ಮೀಟರ್ ಒಂದು ಬೇಕು, 16 ಆಂಪ್ ತಡೆಯೋದು. ಗಾಡೀನ ಇವಿ ಮೋಡಲ್ಲಿ, ಅಂದ್ರೆ ಬರೀ ಕರೆಂಟಲ್ಲಿ, ಬ್ಯಾಟರಿ ಮುಗಿದು ಎಂಜಿನ್ ತಾನಾಗೇ ಶುರುವಾಗೋ ತನಕ ಓಡಿಸಿ. ಎಷ್ಟು ಕಿ.ಮೀ. ಬಂತು ಬರ್ಕೊಳ್ಳಿ. ಡ್ಯಾಶ್‌ಬೋರ್ಡ್ ತೋರಿಸೋ ಅಂದಾಜು ರೇಂಜ್ ಅಲ್ಲ, ನಿಜವಾಗಿ ಓಡಿದ್ದು. ಆಮೇಲೆ ಮೀಟರ್ ಹಾಕಿ ಪೂರ್ತಿ ಚಾರ್ಜ್ ಮಾಡಿ. ಬ್ಯಾಟರಿ 8.8 ಇದ್ರೂ ಗಾಡಿ ಅದನ್ನ ಪೂರ್ತಿ ಬಳಸಲ್ಲ, ಹೊಸ ಪ್ರೈಮ್ ಗೋಡೆಯಿಂದ ಸುಮಾರು 6.3 ಯೂನಿಟ್ ಎಳೆದು 40 ಕಿ.ಮೀ. ಓಡ್ತಿತ್ತು. 5ರ ಮೇಲೆ ಎಳೆದ್ರೆ ವಯಸ್ಸಿಗೆ ತಕ್ಕ ಹಾಗಿದೆ. 4.5ಕ್ಕಿಂತ ಕಮ್ಮಿ ಎಳೆದು ಫುಲ್ ಅಂದ್ರೆ ಬೆಲೆ ಇಳಿಸಿ, ಇಲ್ಲಾ ಬಿಡಿ. ಮಾರುವವರು ಈ ಟೆಸ್ಟಿಗೆ ಒಪ್ಪಲ್ಲ ಅಂದ್ರೂ ಬಿಡಿ.

ಎರಡನೇದು ಓಬಿಡಿ ಡಾಂಗಲ್, ಗಾಡಿಯ ಕಂಪ್ಯೂಟರ್ ಮಾಹಿತಿಯನ್ನ ಮೊಬೈಲ್‌ಗೆ ಕಳಿಸೋ ಪುಟ್ಟ ಸಾಧನ. ಬ್ಲೂಟೂತ್ ಡಾಂಗಲ್ ಸಿಕ್ಕಿಸಿ, ಟೊಯೊಟಾಗೆ ಡಾ. ಪ್ರಿಯಸ್ ಆ್ಯಪ್, ಮಿತ್ಸುಬಿಷಿ ಔಟ್‌ಲ್ಯಾಂಡರ್ ಆದ್ರೆ ಪಿಎಚ್‌ಇವಿ ವಾಚ್‌ಡಾಗ್. ಸೆಲ್‌ಗಳ ವೋಲ್ಟೇಜಲ್ಲಿ ಅತಿ ಹೆಚ್ಚು, ಅತಿ ಕಮ್ಮಿ ಎರಡನ್ನೂ ನೋಡಿ. ನಿಂತಾಗ ಅಂತರ 20-30 ಮಿಲಿವೋಲ್ಟ್ ಇದ್ರೆ ಚಿಂತೆ ಇಲ್ಲ. ಚಾರ್ಜ್ ಕಮ್ಮಿ ಇರುವಾಗ ಏರಲ್ಲಿ ಆ್ಯಕ್ಸಿಲರೇಟರ್ ಒತ್ತಿ ನೋಡಿ. ಪ್ರತಿ ಸಲ ಅದೇ ಒಂದು ಸೆಲ್ ಉಳಿದವಕ್ಕಿಂತ 100 ಮಿಲಿವೋಲ್ಟ್‌ಗೂ ಹೆಚ್ಚು ಕುಸಿದ್ರೆ ಅದೇ ದುರ್ಬಲ. ಸೆಲ್‌ಗಳು ಒಂದರ ಹಿಂದೊಂದು ಸರಣಿಯಲ್ಲಿ ಇರೋದ್ರಿಂದ ಒಂದು ಸೋತ್ರೆ ಇಡೀ ಪ್ಯಾಕ್ ಅಲ್ಲಿಗೇ ನಿಲ್ಲುತ್ತೆ. ಮಿಕ್ಕವು ಎಷ್ಟೇ ಗಟ್ಟಿ ಇರಲಿ, ಉಪಯೋಗ ಇಲ್ಲ.

ವಾರಂಟಿ ಪತ್ರ ಓದಿ. ಬಹಳ ಕಡೆ ಗಾಡಿ ಎಳೆಯುವ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ನೀವು ನೋಡಿರೋ ಗಾಡಿಗೆ ಅದು ಮುಗಿದಿದೆ ಅಥವಾ ಮುಗೀತಾ ಇದೆ.

ಉಳಿದ ವಿಷಯ:

12 ವೋಲ್ಟ್ ಬ್ಯಾಟರಿ ಬೇರೆ ಇದೆ, ಚಿಕ್ಕದು. ಅದು ಸತ್ರೆ ದೊಡ್ಡ ಬ್ಯಾಟರಿ ತುಂಬಿದ್ರೂ ಗಾಡಿ ರೆಡಿ ಆಗಲ್ಲ, ಅಂದ್ರೆ ಸ್ಟಾರ್ಟೇ ಆಗಲ್ಲ. ನಾಲ್ಕೈದು ವರ್ಷ ಆಗಿದ್ರೆ ಬದಲಾಯಿಸೋ ಖರ್ಚು ಮನಸ್ಸಲ್ಲಿ ಇಟ್ಕೊಳ್ಳಿ.

ಬ್ಯಾಟರಿ ತಂಪು ಮಾಡೋ ಫ್ಯಾನಿನ ಗಾಳಿ ಕಿಂಡಿ ಹಿಂದಿನ ಸೀಟಿನ ಹತ್ರ ಇರುತ್ತೆ. ಜಾಲರಿ ತೆಗೆದು ನೋಡಿ. ಧೂಳು, ನಾಯಿ ಕೂದಲು ಕಟ್ಟಿದ್ರೆ ಬ್ಯಾಟರಿ ಬಿಸಿಯಲ್ಲಿ ಬೆಂದಿರಬಹುದು.

ಬ್ರೇಕ್: ಮೋಟರೇ ವೇಗ ಇಳಿಸೋದ್ರಿಂದ ಪ್ಯಾಡ್ ಬೇಗ ಸವೆಯಲ್ಲ, ಆದ್ರೆ ಕೆಲಸ ಇಲ್ಲದೆ ಡಿಸ್ಕ್ ತುಕ್ಕು ಹಿಡಿಯುತ್ತೆ, ಪ್ಯಾಡ್ ಒತ್ತೋ ಕ್ಯಾಲಿಪರ್‌ನ ಪಿನ್ ಜಾಮ್ ಆಗುತ್ತೆ. ಚಕ್ರ ಬಿಚ್ಚಿ ಒಳಬದಿಯ ಡಿಸ್ಕನ್ನೂ ನೋಡಿ.

ಬ್ಯಾಟರಿ ಕರೆಂಟನ್ನ ಮೋಟರ್‌ಗೆ ತಕ್ಕ ಹಾಗೆ ಬದಲಿಸೋ ಇನ್‌ವರ್ಟರ್‌ಗೆ ಪ್ರತ್ಯೇಕ ಕೂಲೆಂಟ್ ಡಬ್ಬಿ ಇದೆ. ಎಂಜಿನ್ ಕೂಲೆಂಟ್ ಮಾತ್ರ ಬದಲಾಯಿಸಿ ಇದನ್ನು ಮರೆತಿರೋ ಸರ್ವಿಸ್ ಬುಕ್‌ಗಳು ಬೇಕಾದಷ್ಟು. ಕಿತ್ತಳೆ ಬಣ್ಣದ ದಪ್ಪ ಹೈ ವೋಲ್ಟೇಜ್ ಕೇಬಲ್‌ಗಳಲ್ಲಿ ಇಲಿ ಕಡಿತದ ಗುರುತು ಇದ್ರೆ ಕೈ ಹಾಕ್ಬೇಡಿ, ಮುಟ್ಟಿಯೂ ನೋಡ್ಬೇಡಿ.

ಚಾರ್ಜಿಂಗ್ ಕೇಬಲ್ ಡಬ್ಬಿ ಗಾಡಿ ಜೊತೆ ಕೊಡ್ತಾರಾ ಕೇಳಿ. ಬೇರೆ ಕೊಂಡ್ರೆ ದುಬಾರಿ. ಗಾಡಿಯ ಚಾರ್ಜಿಂಗ್ ಪೋರ್ಟ್ ಟೈಪ್ 1 ಅಥವಾ ಟೈಪ್ 2 (ಎರಡು ಬೇರೆ ಆಕಾರ) ಅನ್ನೋದೂ ನೋಡಿ. ನಿಮ್ಮ ಕಡೆ ಇರೋ ಚಾರ್ಜರ್‌ಗೆ ಹೊಂದಬೇಕು.

2017ರಿಂದ 2019ರ ಪ್ರೈಮ್ ಆದ್ರೆ ನಾಲ್ಕೇ ಸೀಟು, ಸ್ಟೆಪ್ನಿ ಇಲ್ಲ, ಬ್ಯಾಟರಿ ಕೆಳಗಿರೋದ್ರಿಂದ ಡಿಕ್ಕಿ ನೆಲ ಎತ್ತರ. ಐದು ಜನರ ಮನೆ ಆದ್ರೆ ಮಾತು ಇಲ್ಲಿಗೇ ಮುಗೀತು. ಅದಕ್ಕೂ ಹಿಂದಿನ 2012-15ರ ಪ್ಲಗ್-ಇನ್ ಪ್ರಿಯಸ್ ಯಾರಾದ್ರೂ ತೋರಿಸಿದ್ರೆ ಬೇಡ ಅನ್ನಿ. ಬ್ಯಾಟರಿ 4.4 ಯೂನಿಟ್ ಮಾತ್ರ, ಜೊತೆಗೆ ಆ ತಲೆಮಾರಿನ 1.8 ಎಂಜಿನ್‌ನಲ್ಲಿ ಇಜಿಆರ್ ಕೂಲರ್ (ಎಂಜಿನ್‌ಗೆ ವಾಪಸ್ ಹೋಗೋ ಹೊಗೆಯನ್ನ ತಣ್ಣಗೆ ಮಾಡೋದು) ಮಸಿ ಕಟ್ಟಿ, ಕೊನೆಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲ್) ಹೋಗೋದು ಹೆಸರಾದ ಕಾಯಿಲೆ. ಬೆಳಗ್ಗೆ ಮೊದಲ ಸ್ಟಾರ್ಟಲ್ಲಿ ಎಂಜಿನ್ ನಡುಗೋದು, ಎಲ್ಲೂ ಸೋರದೆ ಕೂಲೆಂಟ್ ಕಮ್ಮಿ ಆಗೋದು ಅದರ ಲಕ್ಷಣ.

ಲೆಕ್ಕಿಗ ಅವರು ಹೇಳಿದ್ದಕ್ಕೆ ಒಂದು ಸೇರಿಸ್ಬೇಕು. ಬ್ಯಾಟರಿ ಶೇ. 80ಕ್ಕೆ ಇಳಿದಿದ್ರೆ ರೇಂಜ್ 32. ನಿಮ್ಮ ದಾರಿ 36. ಲೀಟರ್ ಲೆಕ್ಕದಲ್ಲಿ ಇದು ಚಿಲ್ಲರೆ, ಎಂಜಿನ್‌ಗೆ ಮಾತ್ರ ಕೆಟ್ಟದ್ದು. ದಿನಾ ಕೊನೆಯ ನಾಲ್ಕು ಕಿ.ಮೀ.ಗೆ ತಣ್ಣಗಿನ ಎಂಜಿನ್ ಶುರುವಾಗಿ, ಬಿಸಿ ಏರೋ ಮೊದಲೇ ಆಫ್ ಆಗುತ್ತೆ. ಸುಡದ ಪೆಟ್ರೋಲ್, ನೀರಿನ ಪಸೆ ಎರಡೂ ಆಯಿಲ್‌ಗೆ ಸೇರುತ್ತೆ. ಮಾಡಬೇಕಾದ್ದು ಇಷ್ಟೇ: ದಾರಿಯಲ್ಲಿ ವೇಗದ ರಸ್ತೆ ಇರೋ ಕಡೆ ಹತ್ತು-ಹನ್ನೆರಡು ಕಿ.ಮೀ. ಎಚ್‌ವಿ (ಹೈಬ್ರಿಡ್ ಮೋಡ್) ಬಟನ್ ಒತ್ತಿ ಎಂಜಿನ್‌ನಲ್ಲೇ ಓಡಿಸಿ, ಟ್ರಾಫಿಕ್ ಇರೋ ಕಡೆಗೆ ಬ್ಯಾಟರಿ ಉಳಿಸ್ಕೊಳ್ಳಿ. ಕೆಲಸದ ಜಾಗದಲ್ಲಿ ಪ್ಲಗ್ ಸಿಕ್ಕಿದ್ರೆ ಈ ತಲೆನೋವೇ ಇಲ್ಲ.

ವೈರ್‌ಮನ್

ಪ್ಲಗ್ ಪಾಯಿಂಟ್ ಇದೆ ಅಂದಿರಿ. ಎಷ್ಟು ಆಂಪ್‌ನದು? ಮೊಬೈಲ್ ಚಾರ್ಜ್ ಮಾಡುವ 6 ಆಂಪ್ ಪಾಯಿಂಟಿನಲ್ಲಿ ಇದನ್ನು ಮಾಡಬೇಡಿ. ಕೆಟಲ್ ಐದು ನಿಮಿಷ ಎಳೆಯುತ್ತದೆ. ಗಾಡಿ 10 ಆಂಪ್‌ನಂತೆ ಮೂರು ಗಂಟೆ ಬಿಡದೆ ಎಳೆಯುತ್ತದೆ. ಸುಡುವುದು ಸಾಮಾನ್ಯವಾಗಿ ತಂತಿ ಅಲ್ಲ, ಸಾಕೆಟ್ಟಿನ ಸಡಿಲ ಸ್ಕ್ರೂ ಇರುವ ಜಾಗ.

ಮುಖ್ಯ ಬೋರ್ಡಿನಿಂದ ನೇರ ಬೇರೆ ಲೈನ್ ಎಳೆಸಿ, 4 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪ್ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), 16 ಆಂಪ್ ಸಾಕೆಟ್. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕೇಬಲ್ಲಿನ ಡಬ್ಬಿಯಲ್ಲಿ ಕೆಂಪು ದೀಪ ಬಂದು ಚಾರ್ಜ್ ಶುರುವೇ ಆಗುವುದಿಲ್ಲ. ಆಗ ಕೆಲವರು ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಕೊಟ್ಟು ಮೋಸ ಮಾಡುತ್ತಾರೆ. ನ್ಯೂಟ್ರಲ್ ಎಲ್ಲೋ ಕಡಿದ ದಿನ ಗಾಡಿಯ ಮೈಗೆಲ್ಲ ಕರೆಂಟ್ ಬರುತ್ತದೆ. ಅರ್ಥ್ ಗುಂಡಿಯನ್ನೇ ಸರಿ ಮಾಡಿಸಿ.

ಮೊದಲ ಸಲ ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ನಿಲ್ಲಿಸಿ, ಸಾಕೆಟ್ ಬದಲಾಯಿಸಿ. ಈ ಖರ್ಚನ್ನೂ ನಿಮ್ಮ 1,000 ಲೀಟರಿಗೆ ಸೇರಿಸಿಕೊಳ್ಳಿ.

ಹ್ಯಾಚ್ ಪಕ್ಷ

ಎಲ್ಲರೂ ಪ್ರೈಮ್ ಹಿಂದೆ ಬಿದ್ದಿದ್ದೀರಿ. ಮೂರು ವರ್ಷದ, ಟರ್ಬೊ ಇಲ್ಲದ, ಮ್ಯಾನ್ಯುವಲ್ ಗೇರಿನ ಗಾಡಿಯಲ್ಲಿ ಕೆಡುವುದಕ್ಕೆ ಏನಿದೆ? ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್. ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಿ ಕಟ್ಟುತ್ತಾನೆ. ಪ್ರೈಮ್ ಒಂದು ಇನ್‌ವರ್ಟರ್ ಕೆಡಿಸಿಕೊಂಡರೆ ನಿಮ್ಮ ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ. ಹತ್ತಿರದಲ್ಲಿ ಹೈ ವೋಲ್ಟೇಜ್ ಕೆಲಸ ಗೊತ್ತಿರುವ ವರ್ಕ್‌ಶಾಪ್ ಇಲ್ಲದಿದ್ದರೆ ನಾನಂತೂ ಹ್ಯಾಚ್‌ಬ್ಯಾಕೇ ಎನ್ನುತ್ತೇನೆ.

ಆದರೆ ಹ್ಯಾಚ್‌ಬ್ಯಾಕ್ ಕೊಳ್ಳುವಾಗಲೂ ಎಂಜಿನ್ ಯಾವುದೆಂದು ನೋಡಿ. ಪೆಟ್ರೋಲನ್ನು ಇನ್‌ಟೇಕ್ ಪೋರ್ಟಿನಲ್ಲಿ, ಅಂದರೆ ಗಾಳಿ ಒಳಹೋಗುವ ದಾರಿಯಲ್ಲಿ, ಸಿಂಪಡಿಸುವ ಹಳೆಯ ಪದ್ಧತಿ, ಟೈಮಿಂಗ್ ಚೈನ್ ಇದ್ದರೆ ಉತ್ತಮ. ನೇರ ಸಿಲಿಂಡರಿನೊಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ವಾಲ್ವಿನ ಬೆನ್ನಿಗೆ ಪೆಟ್ರೋಲ್ ತಾಗುವುದಿಲ್ಲ, ಅಲ್ಲಿ ಮಸಿ ಕಟ್ಟುತ್ತದೆ. ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ಓಡುವ ಎಂಜಿನ್‌ಗಳನ್ನು ದೂರ ಇಡಿ: ಫೋರ್ಡ್ 1.0 ಇಕೋಬೂಸ್ಟ್, ಪೂಜೊ-ಸಿಟ್ರೊಯೆನ್ 1.2 ಪ್ಯೂರ್‌ಟೆಕ್, ಎರಡರಲ್ಲೂ ಬೆಲ್ಟ್ ಇದ್ದ ಆವೃತ್ತಿಗಳು. ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಆಯಿಲ್ ಪ್ರೆಷರ್ ಬೀಳುತ್ತದೆ. ಸರ್ವಿಸ್ ಬುಕ್ಕಿನಲ್ಲಿ ಆಯಿಲ್ ಗ್ರೇಡ್ ಏನು ಹಾಕಿದ್ದಾರೆ ಎಂಬುದೂ ಅಲ್ಲಿ ಮುಖ್ಯ.

ಮೂರನೇ ದಾರಿಯೂ ಇದೆ. ಪ್ಲಗ್ ಇಲ್ಲದ ಮಾಮೂಲಿ ಹೈಬ್ರಿಡ್ ಹ್ಯಾಚ್‌ಬ್ಯಾಕ್, ಟೊಯೊಟಾ ಯಾರಿಸ್ ಹೈಬ್ರಿಡ್ ಅಥವಾ ಹೋಂಡಾ ಜಾಝ್ ಇ:ಎಚ್‌ಇವಿ ಥರದ್ದು. ಟ್ರಾಫಿಕ್‌ನಲ್ಲೂ ಲೀಟರಿಗೆ 22-24 ಬರುತ್ತದೆ, ವೈರ್‌ಮನ್ ಬೇಕಿಲ್ಲ.

ಹೊಸಬ

ಮನೇಲಿ ನಾಲ್ಕೇ ಜನ, ಹೈಬ್ರಿಡ್ ಕೆಲಸ ಗೊತ್ತಿರೋ ವರ್ಕ್‌ಶಾಪ್ ಇದೆ. ಹಾಗಾಗಿ ಸ್ಪ್ಯಾನರ್ ಅವರ ಮೀಟರ್ ಟೆಸ್ಟ್ ಮಾಡಿಸ್ತೀನಿ, 5 ಯೂನಿಟ್ ಮೇಲೆ ಬಂದ್ರೆ ಪ್ರೈಮ್, ಇಲ್ಲಾಂದ್ರೆ ಹ್ಯಾಚ್. ಇನ್ನೊಂದೇ ಪ್ರಶ್ನೆ: ಎರಡು-ಮೂರು ವಾರ ಗಾಡಿ ನಿಂತೇ ಇರುತ್ತೆ ಕೆಲವೊಮ್ಮೆ. ಪ್ಲಗ್ ಹಾಕಿಟ್ಟು ಹೋಗಬಹುದಾ?

ಸ್ಪ್ಯಾನರ್

ಬೇಡ. ದೊಡ್ಡ ಬ್ಯಾಟರಿ ಅರ್ಧದ ಹತ್ತಿರ ಇಟ್ಟು, ಪ್ಲಗ್ ತೆಗೆದು, ನೆರಳಲ್ಲಿ ನಿಲ್ಲಿಸಿ. ಅದು ತಿಂಗಳಾದ್ರೂ ಹೆಚ್ಚು ಇಳಿಯಲ್ಲ. ಸಾಯೋದು 12 ವೋಲ್ಟ್‌ನದು. ಸ್ಮಾರ್ಟ್ ಕೀ ಗಾಡಿಯಿಂದ ದೂರ ಇಡಿ, ಇಲ್ಲಾಂದ್ರೆ ಗಾಡಿ ಆಗಾಗ ಎಚ್ಚರ ಆಗುತ್ತೆ. ಮನೇಲಿ ಯಾರಾದ್ರೂ ಇದ್ರೆ ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿ ಮೋಡಲ್ಲಿ ಇಡ್ಲಿ, 12 ವೋಲ್ಟ್‌ಗೆ ಚಾರ್ಜ್ ಆಗುತ್ತೆ. ಎಂಜಿನ್ ಓಡೋದು ಅಪರೂಪ ಆದ್ರೂ ಆಯಿಲ್ ವರ್ಷಕ್ಕೊಮ್ಮೆ ಬದಲಾಯಿಸಿ, ಕಿಲೋಮೀಟರ್ ಆಗಿಲ್ಲ ಅಂತ ಮುಂದೂಡ್ಬೇಡಿ. ಪೆಟ್ರೋಲ್ ಹಾಕಿಸೋಕೆ ಹೋದಾಗ ಮುಚ್ಚಳದ ಬಟನ್ ಒತ್ತಿ ಸ್ವಲ್ಪ ಕಾಯ್ಬೇಕು. ಟ್ಯಾಂಕ್ ಸೀಲ್ ಆಗಿರೋದ್ರಿಂದ ಒತ್ತಡ ಬಿಟ್ಟ ಮೇಲೆ ತಾನೇ ತೆಗೆಯುತ್ತೆ. ಬಂಕ್ ಹುಡುಗ್ರು ಅದನ್ನ ಮೀಟಿ ತೆಗೆಯೋಕೆ ಹೋಗ್ತಾರೆ, ಮೊದಲೇ ಹೇಳಿಬಿಡಿ.